ಫೋಟೊಕ್ಕೊಂದು ಜೋಡಿ ಗ್ಲೌಸು

ಉಮಾಶ್ರೀಗೆ ಬೆಳಗಿನಿಂದಲೇ ಮೈ ಉರಿಯುತ್ತಿತ್ತು. ಬೈಲಹೊಂಗಲದ ಸಮುದಾಯ ಭವನದಲ್ಲಿ ಎಲೆಕ್ಟ್ರಿಕ್ ಗಾಡಿ ರಿಪೇರಿಯ ಎರಡು ದಿನದ ತರಬೇತಿ, ಇವತ್ತು ಕೊನೆಯ ದಿನ. ಕಲಿಸಿದ್ದೇನು, ಮಣ್ಣು? ಪರದೆ ಮೇಲೆ ಇಂಗ್ಲಿಷ್ ಅಕ್ಷರ, ಮಧ್ಯಾಹ್ನ ಪಲಾವ್, ಆಮೇಲೆ ಫೋಟೊ. ಬಾಗಿಲಲ್ಲೇ ಹೊಸ ಎಲೆಕ್ಟ್ರಿಕ್ ಆಟೊ ನಿಂತಿತ್ತು. ಅದರ ಸೀಟು ಎತ್ತಿ ಕೆಳಗಿನ ಬ್ಯಾಟರಿ ತೋರಿಸಿದವರಿಲ್ಲ. ನಲವತ್ತು ಮಂದಿಗೆ ಒಂದೇ ಜೋಡಿ ರಬ್ಬರ್ ಗ್ಲೌಸು. ಹಾಕಿಕೋ, ಆಟೊ ಮುಂದೆ ನಿಲ್ಲು, ನಗು, ಬಿಚ್ಚಿ ಹಿಂದಿನವನಿಗೆ ಕೊಡು.

ಹೋದ ವರ್ಷ ಇದೇ ಗ್ಲೌಸು ಹಾಕಿಕೊಂಡು ನಕ್ಕ ಅಪ್ಪನ ಫೋಟೊ ದೊಡವಾಡದ ಅವರ ಗ್ಯಾರೇಜಿನ ಗೋಡೆ ಮೇಲಿದೆ, ಪಕ್ಕದಲ್ಲಿ ಸರ್ಟಿಫಿಕೇಟು. ಅಪ್ಪ ಮಡಿವಾಳೆಪ್ಪ ಮೂವತ್ತು ವರ್ಷ ಡೀಸೆಲ್ ಗಾಡಿ ಬಿಚ್ಚಿ ಕಟ್ಟಿದವನು. ಬ್ಯಾಟರಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡಲು ಆ ಕಡೆಯ ಮಿಸ್ತ್ರಿಗಳು ಎರಡು ವಾಯರಿನ ತುದಿ ಚಕ್ಕನೆ ತಾಗಿಸಿ ಕಿಡಿ ನೋಡುತ್ತಾರೆ. ಹಳೇ ಬ್ಯಾಟರಿಗೆ ಅದು ನಡೆದುಹೋಗುತ್ತಿತ್ತು. ತರಬೇತಿ ಮುಗಿಸಿ ಬಂದ ಮೇಲೆ ಎಲೆಕ್ಟ್ರಿಕ್ ಆಟೊಗೂ ಅಪ್ಪ ಹಾಗೇ ಮಾಡಿದ. ಸುಟ್ಟ ಬಲಗೈ ಬೆರಳು ಇವತ್ತಿಗೂ ಮಡಚುವುದಿಲ್ಲ. ಊರಿನಲ್ಲಿ ಈಗ ಅವೇ ಆಟೊ. ಗ್ಯಾರೇಜಿನ ಬಾಗಿಲು ತೆರೆದಿರಬೇಕಾದರೆ ಉಮಾಶ್ರೀ ಈ ಕೆಲಸ ನಿಜವಾಗಿ ಕಲಿಯಲೇಬೇಕು.

ಸಂಜೆ, ತರಬೇತಿ ನಡೆಸುತ್ತಿದ್ದ ಸಂದೀಪ ಹಾಳೆ ಮುಂದಿಟ್ಟ. ‘ಬ್ಯಾಟರಿ ಕೆಲಸ ಕೈಯಾರೆ ಮಾಡಿ ಕಲಿತಿದ್ದೇನೆ’ ಎಂದು ಅಚ್ಚಾಗಿತ್ತು. ಹೋದ ವರ್ಷ ಅಪ್ಪನಿಗೆ ಸರ್ಟಿಫಿಕೇಟು ಕೊಟ್ಟವನೂ ಇವನೇ.

“ಸಹಿ ಮಾಡಿ ಸರ್ಟಿಫಿಕೇಟ್ ತಗೊಂಡ ಹೋಗ ತಂಗಿ.”

“ಯಾವಾಗ ಕಲಿಸಿದ್ರಿ ಸರ್?”

“ಎಲ್ಲಾರೂ ಮಾಡ್ಯಾರ. ನಿನಗ ಬಸ್ಸಿಗೆ ಹೊತ್ತಾಗತೈತಿ ನೋಡು.”

ಉಮಾಶ್ರೀ ಪೆನ್ನು ಅಲ್ಲೇ ಇಟ್ಟು ಸೀದಾ ಆಟೊ ಹತ್ತಿರ ಹೋಗಿ ಸೀಟು ಎತ್ತಿದಳು.

“ಒಂದ ಮಾತ ಕೇಳತೇನ್ರಿ ಸರ್. ಕರೆಂಟ್ ಐತೋ ಇಲ್ಲೋ ನೋಡಾಕ ನಾವು ಎರಡೂ ವಾಯರ್ ತಾಗಸ್ತೇವಿ. ಇದಕ್ಕೂ ಹಂಗ ಮಾಡ್ಲೇನ್ರಿ?”

ಕೈ ಒಳಗೆ ಚಾಚುವಷ್ಟರಲ್ಲಿ ಸಂದೀಪ ಓಡಿಬಂದು ಅವಳ ರಟ್ಟೆ ಹಿಡಿದು ಎಳೆದ.

“ಏ, ತಲಿ ಕೆಟ್ಟೈತೇನು? ಕೈ ಸುಟ್ಟ ಹೋಗತೈತಿ!”

ಉಮಾಶ್ರೀ ಅವನ ಮುಖವನ್ನೇ ನೋಡಿದಳು. ಇಷ್ಟು ದಿನ ಇವನಿಗೂ ಏನೂ ಗೊತ್ತಿಲ್ಲ ಎಂದುಕೊಂಡಿದ್ದಳು. ಗೊತ್ತಿತ್ತು!

“ಈ ಒಂದ ಮಾತು ನಮ್ಮಪ್ಪಗ ಯಾಕ ಹೇಳಲಿಲ್ರಿ?”

“ಪರದೆ ಮ್ಯಾಲ ಇತ್ತಲ್ಲ…”

“ಇಂಗ್ಲಿಷಿನ್ಯಾಗ!”

ಮೊದಲೇ ಸಹಿ ಹಾಕಿದ್ದ ಸಂಗೊಳ್ಳಿಯ ಮಿಸ್ತ್ರಿ ಯಮನಪ್ಪ ಎದ್ದುಬಂದು, ಹಾಳೆ ಎಳೆದುಕೊಂಡು ತನ್ನ ಸಹಿಯನ್ನು ಗೀಚಿ ಹಾಕಿದ. ಮತ್ತೊಬ್ಬ ಪೆನ್ನಿಗೆ ಕೈ ಚಾಚಿದ. ಹೊರಗೆ ದೊಡವಾಡದ ಬಸ್ಸು ಹೋದ ಸದ್ದು ಕೇಳಿಸಿತು. ಉಮಾಶ್ರೀ ತಿರುಗಿ ಕೂಡ ನೋಡಲಿಲ್ಲ. ಮೇಜಿನ ಮೇಲಿದ್ದ ಗ್ಲೌಸು ತಂದು ಸಂದೀಪನ ಕೈಗೆ ತುರುಕಿದಳು.

“ಹಾಕ್ಕೋರಿ ಸರ್. ಫೋಟೊಕ್ಕಲ್ಲ.”