ಇನ್ನೊಬ್ಬಳ ದವಡೆ

ಮೇಲಿನ ಹಲ್ಲುಸೆಟ್ಟು ಅಕ್ಕನ ಬಾಯಲ್ಲಿ ಸರಿಯಾಗಿಯೇ ಕೂತಿತು. ಕೆಳಗಿನದು ಮಾತ್ರ ಒಪ್ಪಲಿಲ್ಲ. ಎಡಕ್ಕೆ ಒತ್ತಿದರೆ ಬಲಕ್ಕೆ ಎದ್ದಿತು, ಬಲಕ್ಕೆ ಒತ್ತಿದರೆ ಎಡಕ್ಕೆ. ಅಕ್ಕ ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದಳು, ನೋಯುತ್ತದೆ ಎಂದೂ ಹೇಳಲಿಲ್ಲ. ತಮ್ಮ ಎರಡನ್ನೂ ಹೊರತೆಗೆದು ಒರೆಸಿದ. ಊರಿನ ಹಲ್ಲು ಡಾಕ್ಟರುಗಳಿಗೆಲ್ಲ ಇಪ್ಪತ್ತೆಂಟು ವರ್ಷದಿಂದ ಸೆಟ್ಟು ಕಟ್ಟಿಕೊಡುತ್ತಿದ್ದವನು ಅವನು. ಕಟ್ಟಿದ್ದು ವಾಪಸು ಬಂದದ್ದು ಬೆರಳೆಣಿಕೆಯಷ್ಟು.

"ಏನಾಯ್ತು ರೀ?" ಹೆಂಡತಿ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಸ್ವಲ್ಪ ಉಜ್ಜಬೇಕು."

"ಸೋಮವಾರ ಹತ್ತು ಗಂಟೆಗೆ ಗಾಡಿ ಬರುತ್ತೆ. ಅಷ್ಟರೊಳಗೆ ಆಗುತ್ತಲ್ಲ?"

"ಆಗುತ್ತೆ ಬಿಡು."

ಗಾಡಿ ಬರಬೇಕಾದದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಿಂದ. ತಾವೇ ತಿನ್ನುವವರನ್ನಷ್ಟೇ ಸೇರಿಸಿಕೊಳ್ಳುತ್ತೇವೆ, ತಿನ್ನಿಸುವುದಕ್ಕೆ ನಮ್ಮಲ್ಲಿ ಜನ ಇಲ್ಲ ಎಂದು ಅಲ್ಲಿನ ಮ್ಯಾನೇಜರು ಮೊದಲೇ ಹೇಳಿದ್ದ. ಅಕ್ಕನಿಗೆ ತಿಂದದ್ದೂ ನೆನಪಿರುವುದಿಲ್ಲ, ತಿನ್ನಬೇಕೆಂಬುದೂ ನೆನಪಿರುವುದಿಲ್ಲ. ಬಾಯಲ್ಲಿ ಹಲ್ಲಿದ್ದರೆ ಕೈ ತಾನಾಗಿಯೇ ತಟ್ಟೆಗೆ ಹೋದೀತು ಎಂದು ತಮ್ಮ ತನ್ನನ್ನು ತಾನೇ ನಂಬಿಸಿಕೊಂಡಿದ್ದ. ಹೆಂಡತಿಯನ್ನು ದೂರುವ ಹಾಗಿರಲಿಲ್ಲ. ಮೂರು ವರ್ಷ, ದಿನಕ್ಕೆ ಮೂರು ಹೊತ್ತು, ಅಕ್ಕನ ಎದುರು ಕೂತು ತಿನ್ನಿಸಿದವಳು ಅವಳು. ಅವನು ಆ ಹೊತ್ತಿಗೆಲ್ಲ ತುಂಬ ಕೆಲಸವಿರುವವನಂತೆ ಕೆಳಗಿನ ಕೋಣೆಗೆ ಇಳಿದುಬಿಡುತ್ತಿದ್ದ.

ಈಗಲೂ ಇಳಿದ. ಮೇಜಿನ ಮೇಲಿದ್ದ ಹಳದಿ ಪ್ಲಾಸ್ಟರಿನ ಅಚ್ಚಿನ ಮೇಲೆ ಕೆಳಗಿನ ಸೆಟ್ಟನ್ನು ಇಟ್ಟು ನೋಡಿದ. ಟಕ್ಕೆಂದು ಕೂತಿತು. ಬೆರಳಿನಿಂದ ಒತ್ತಿದರೂ ಅಲ್ಲಾಡಲಿಲ್ಲ. ಹಾಗಾದರೆ ಅಕ್ಕನ ಬಾಯಿಯೇ ಬದಲಾಯಿತೇ ಎಂದುಕೊಂಡು ಅಚ್ಚನ್ನು ತಿರುವಿದ. ಅಡಿಯಲ್ಲಿ, ಯಾರದೆಂದು ಗುರುತಿಸಲು ಅವನು ಬರೆಯುವ ನಂಬರು ಇರಲಿಲ್ಲ.

ಕಪಾಟಿನಲ್ಲಿ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಅಚ್ಚಿತ್ತು. ಅದರ ಅಡಿಯಲ್ಲಿ ಪೆನ್ಸಿಲಿನಲ್ಲಿ ಅಕ್ಕನ ನಂಬರು, ಅವನದೇ ಅಕ್ಷರ. ಹತ್ತು ದಿನ ಕೂತು, ಒಂದೊಂದೇ ಹಲ್ಲು ಜೋಡಿಸಿ, ಅವನು ಸೆಟ್ಟು ಕಟ್ಟಿದ್ದು ಸತ್ತು ಎಷ್ಟೋ ಸಾವಿರ ವರ್ಷವಾದವಳಿಗೆ.

ಎರಡು ವಾರದ ಹಿಂದೆ ಅವಳನ್ನು ತಂದವರು ಮ್ಯೂಸಿಯಮ್ಮಿನ ಮೇಡಂ. ಹತ್ತಿಯಲ್ಲಿ ಸುತ್ತಿದ ಒಂದು ಕೆಳದವಡೆಯ ಮೂಳೆಯನ್ನು ಈ ಮೇಜಿನ ಮೇಲೇ ಬಿಚ್ಚಿಟ್ಟಿದ್ದರು. "ಗವಿಯಲ್ಲಿ ಸಿಕ್ಕಿದ್ದು. ಹಲ್ಲು ಉದುರಿದ್ದು ಸಾಯೋ ಮುಂಚೆನೋ ಆಮೇಲೋ, ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ? ದಿನಾ ಬೊಚ್ಚುಬಾಯಿ ನೋಡೋರು ನೀವು."

ಅವನು ಹೆಬ್ಬೆರಳಿನಿಂದ ಸವರಿ ನೋಡಿದ್ದ. "ಏಳೆಂಟು ವರ್ಷ ಮುಂಚೆನೇ ಉದುರಿವೆ ಮೇಡಂ. ಗುಳಿ ಎಲ್ಲಾ ಮುಚ್ಚಿಹೋಗಿದೆ, ಮೂಳೆ ಸವೆದು ಚೂಪಾಗಿದೆ. ಇಂಥ ಬಾಯಲ್ಲಿ ಏನು ತಿಂತಿದ್ರು ಇವರು?"

"ಇವಳು. ಹೆಂಗಸಿಂದು ಅಂತ ಗೊತ್ತಾಗಿದೆ. ಆ ಕಾಲದಲ್ಲಿ ಮಾಂಸ, ಗೆಡ್ಡೆ, ಅಷ್ಟೇ."

"ಮತ್ತೆ ಅಷ್ಟು ವರ್ಷ ಬದುಕಿದ್ದು ಹೇಗೆ?"

"ಯಾರೋ ಅಗಿದು ಕೊಟ್ಟಿರಬೇಕು," ಎಂದು ಮೇಡಂ ಗಡಿಯಾರ ನೋಡಿಕೊಂಡರು.

ಮೂಳೆಯನ್ನು ಒಂದು ದಿನ ಇಟ್ಟುಕೊಳ್ಳುತ್ತೇನೆಂದು ಕೇಳಿ ಪಡೆದ. ಕೈಯ ಚಟ. ಒಸಡಿನ ದಪ್ಪಕ್ಕೆ ಮೇಣ ಹಚ್ಚಿ, ಅಳತೆ ತೆಗೆದು, ಪ್ಲಾಸ್ಟರು ಸುರಿದ. ಅಕ್ಕನದನ್ನು ಸುರಿದದ್ದೂ ಅಂದೇ. ಎರಡರ ಅಡಿಯನ್ನೂ ಉಜ್ಜಿ ಸಮ ಮಾಡಿ, ಒಂದಕ್ಕೆ ನಂಬರು ಬರೆದು ಮುಗಿಸುವಷ್ಟರಲ್ಲಿ ಆ ವಯಸ್ಸಾದವರ ಮನೆಯಿಂದ ಫೋನು ಬಂದಿತ್ತು. ಒಂದು ಹಾಸಿಗೆ ಖಾಲಿಯಾಗಿದೆ, ಗಾಡಿ ಕಳಿಸುತ್ತೇವೆ ಎಂದು. ಆಮೇಲೆ ಅವನು ಅಚ್ಚು ತಿರುವಿ ನೋಡಲಿಲ್ಲ. ಹಲ್ಲಿದ್ದಾಗ ಒಬ್ಬೊಬ್ಬರದು ಒಂದೊಂದು ಚೆಂದ, ಉದುರಿದ ಮೇಲೆ ಎಲ್ಲರೂ ಒಂದೇ ಮನೆಯವರ ಹಾಗೆ ಕಾಣುತ್ತಾರೆ ಎಂದು ಡಾಕ್ಟರುಗಳ ಹತ್ತಿರ ತಮಾಷೆ ಮಾಡುತ್ತಿದ್ದವನು ಅವನೇ.

ಮಾರನೆಯ ದಿನವೇ ಮೇಡಂ ಮೂಳೆ ಒಯ್ದರು. ಗವಿಯವಳು ಮಾತ್ರ ಹೋಗಲಿಲ್ಲ. ಊಟಕ್ಕೆ ಕೂತು ತುತ್ತು ಅಗಿಯುತ್ತಿದ್ದರೆ ಎದುರಿಗೆ ಯಾರೋ ಅವನು ಅಗಿದು ಮುಗಿಸಲಿ ಎಂದು ಕಾಯುತ್ತಿರುವಂತೆ ಅನಿಸುತ್ತಿತ್ತು. ಎಷ್ಟೋ ಸಲ ತಟ್ಟೆ ಬಿಟ್ಟು ಎದ್ದಿದ್ದ. ಹೆಂಡತಿಗೆ ಹೇಳಿದರೆ ನಗುತ್ತಾಳೆಂದು ಹೇಳಿರಲಿಲ್ಲ.

ಈಗ ಆ ಗವಿಯವಳು ಅವನ ಮೇಜಿನ ಮೇಲೆ ಹೊಸ ಹಲ್ಲು ಕಟ್ಟಿಕೊಂಡು ಕೂತಿದ್ದಳು. "ಕಚ್ಚಿ ನೋಡಿ," ಎಂದ, ಅಭ್ಯಾಸಬಲದಿಂದ. ತನ್ನ ದನಿಯೇ ಕೇಳಿ ಹೆದರಿದ.

ಹೆದರಿ ಕೂತರೆ ಆಗುತ್ತದೆಯೇ? ಎರಡು ದಿನವಿತ್ತು, ಹಗಲು ರಾತ್ರಿ ಕೂತರೆ ಅಕ್ಕನಿಗೆ ಕೆಳಗಿನದಷ್ಟೇ ಇನ್ನೊಂದು ಕಟ್ಟಬಹುದಿತ್ತು. ಅಕ್ಕನ ಅಚ್ಚನ್ನು ಮೇಜಿಗೆ ತಂದು ಮೇಣ ಕಾಯಿಸಲು ಬರ್ನರು ಹಚ್ಚಿದ.

"ರೀ," ಮೇಲಿನಿಂದ ಹೆಂಡತಿ ಕೂಗಿದಳು. "ನಂಗೆ ಇವತ್ತು ಬಗ್ಗೋಕಾಗ್ತಿಲ್ಲ. ಇದೊಂದು ಹೊತ್ತು ನೀವೇ ತಿನ್ನಿಸಿ."

ನೆಪ ಹುಡುಕಿದ, ಸಿಗಲಿಲ್ಲ. ಬರ್ನರು ಆರಿಸಿ ಮೇಲೆ ಹೋದ.

ಬೇಯಿಸಿ ಕಿವುಚಿದ ಆಲೂಗಡ್ಡೆಯ ಬಟ್ಟಲು ಹಿಡಿದು ಅಕ್ಕನ ಎದುರು ಕೂತ. ಚಮಚ ತುಟಿಗೆ ತಾಗಿಸಿದ. ಅಕ್ಕ ತುಟಿ ಬಿಗಿದುಕೊಂಡಳು. ಬೆಳಗಿನಿಂದ ಆ ಬಾಯಿಗೆ ಅವನು ಕೊಟ್ಟ ಕಾಟವೇನು ಕಡಿಮೆಯೇ?

"ಅಕ್ಕಾ, ಒಂದು ಚೂರು. ನಾನು ಕಣೇ."

ಅವಳು ಅವನನ್ನು ಯಾರೋ ಎಂಬಂತೆ ನೋಡಿದಳು. ತಾಯಿ ಹೋದಾಗ ಅವನಿಗೆ ಎರಡು ವರ್ಷ, ಅವಳಿಗೆ ಹನ್ನೆರಡು. ಅವನಿಗೆ ತಿನ್ನಿಸಲು ತುತ್ತು ಹಿಡಿದು ಬರುವಾಗ ಅವಳ ಬಾಯಿಯೇ ಮೊದಲು ತೆರೆಯುತ್ತಿತ್ತು. ಸ್ವಲ್ಪ ದೊಡ್ಡವನಾದ ಮೇಲೆ, "ನೀನ್ಯಾಕೆ ಬಾಯಿ ಬಿಡ್ತೀಯ, ನೀನು ತಿಂತೀಯಾ?" ಎಂದು ಅಣಕಿಸಿ ಅವಳನ್ನು ಅಳಿಸಿದ್ದೂ ಉಂಟು. ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಮತ್ತೆ ಚಮಚ ಮುಂದೆ ಹಿಡಿದ. ಎದುರಿಗೆ ಅಕ್ಕನ ಜೊತೆಗೆ ಇನ್ನೂ ಯಾರೋ ಕಾಯುತ್ತಿದ್ದರು. ಈ ಸಲ ಅವನು ಎದ್ದುಹೋಗಲಿಲ್ಲ.

ಅಕ್ಕನ ಕಣ್ಣು ಅವನ ಮುಖದ ಮೇಲೆ ನೆಟ್ಟಿತು. ನಿಧಾನಕ್ಕೆ ಅವಳ ತುಟಿ ಬಿಚ್ಚಿಕೊಂಡಿತು. ಏಕೆ ಬಿಚ್ಚಿತೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ನಾಲಿಗೆಗೆ ತಣ್ಣನೆಯ ಗಾಳಿ ತಾಗಿದಾಗ ತಿಳಿಯಿತು. ಅವನ ಬಾಯಿ ತೆರೆದಿತ್ತು.

ಬಟ್ಟಲು ಅರ್ಧವಾಗುವ ಹೊತ್ತಿಗೆ ಹೆಂಡತಿ ಬಂದು ಗೋಡೆಗೆ ಒರಗಿ ನಿಂತಳು. "ಸೆಟ್ಟು ಸರಿಹೋಯ್ತಾ?"

"ಅದು ಬೇರೆಯವರದ್ದು."

"ಮತ್ತೆ ಸೋಮವಾರ?"

"ಗಾಡಿ ಬೇಡ ಅಂತ ಫೋನ್ ಮಾಡ್ತೀನಿ. ಇನ್ಮೇಲೆ ಮೂರು ಹೊತ್ತೂ ನಾನೇ ಕೂರ್ತೀನಿ."

"ನೋಡ್ತೀನಲ್ಲ, ಎಷ್ಟು ದಿನ ಅಂತ," ಎಂದಳು ಅವಳು. ಮೂರು ವರ್ಷ ಕೂತವಳಿಗೆ ಅಷ್ಟು ಹೇಳುವ ಹಕ್ಕಿತ್ತು.

ಅವನು ಇನ್ನೊಂದು ಚಮಚ ತುಂಬಿಸಿದ. ಅದು ತುಟಿ ಮುಟ್ಟುವ ಮೊದಲೇ ಇಬ್ಬರ ಬಾಯಿಯೂ ತೆರೆದಿತ್ತು.