ಶ್ರೀಲಕ್ಷ್ಮೀ ಬಡಾವಣೆ

"ಸ್ವಲ್ಪ ಹೊತ್ತು ಬಿಟ್ಟು ಹೊಡೀರಿ ಮಾರಾಯ್ರೆ. ಹೊಸನಗರದಿಂದ ಹೆಣ್ಣು ನೋಡಕ್ಕೆ ಬರ್ತಿದಾರೆ," ಎಂದು ದುಗ್ಗಮ್ಮ ಹೇಳುವಷ್ಟರಲ್ಲಿ ಅವಳ ಮನೆಯ ಗೋಡೆಯ ಮೇಲೆ ಕೆಂಪು ಗೆರೆ ಎದ್ದಿತ್ತು. ಬಾಗಿಲ ಪಕ್ಕದಲ್ಲೇ, ಎದೆಮಟ್ಟಕ್ಕೆ. ಕೆಳಗೊಂದು ಬಾಣ, ಮೊನೆ ಮನೆಯ ಕಡೆಗೆ.

ಬಣ್ಣದವನು ಎಂಜಿನಿಯರ್ ಮುಖ ನೋಡಿದ. ಎಂಜಿನಿಯರ್ ಮೊಬೈಲಿನಿಂದ ತಲೆಯೆತ್ತದೆಯೇ ಹೇಳಿದ:

"ರಸ್ತೆ ಅಗಲ ಆಗ್ತದಮ್ಮ. ಎರಡೂ ಕಡೆ ಸಾಲು ಪೂರ್ತಿ ಹೋಗ್ತದೆ."

"ಹೋಗ್ತದೆ ಅಂದ್ರೆ? ಬೇರೆ ಕಡೆ ಮನೆ ಕೊಡ್ದೆ ನಮ್ಮನ್ನ ಏಳಿಸೋ ಹಂಗಿಲ್ಲ ಅಂತ ಹಿಂದಿನ ಸಾಹೇಬ್ರು ಹೇಳಿದ್ರಲ್ಲ."

"ಅದು ಕೊಳಚೆ ಪ್ರದೇಶ ಅಂತ ಇದ್ದಾಗ. ನೀವೇ ಬೇಡ ಅಂದ್ರಿ. ಈಗ ಇದು ಬಡಾವಣೆ. ರಸ್ತೆ ಜಾಗದಲ್ಲಿ ಮನೆ ಇದ್ರೆ ಒತ್ತುವರಿ, ಅಷ್ಟೇ."

ಬೇಡ ಅಂದವರಲ್ಲಿ ಮೊದಲಿನವಳು ದುಗ್ಗಮ್ಮನೇ.

ಸಾಗರದ ಅಂಚಿನ ಈ ಕೇರಿಯ ಬಾಯಲ್ಲಿ ಮೊನ್ನೆ ಮೊನ್ನೆಯವರೆಗೆ ತುಕ್ಕು ಹಿಡಿದ ತಗಡೊಂದು ನಿಂತಿತ್ತು: 'ಘೋಷಿತ ಕೊಳಚೆ ಪ್ರದೇಶ'. ಹೆಂಗಸರು ಅದರ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತಿದ್ದರೇ ಹೊರತು ಯಾರೂ ಅದನ್ನು ಓದಿದವರಲ್ಲ. ಹೋದ ವರ್ಷ ಮಗಳು ಪ್ರತಿಮಾಳನ್ನು ನೋಡಲು ತೀರ್ಥಹಳ್ಳಿ ಕಡೆಯಿಂದ ಬಂದವರು ಓದಿದರು. ಅಂಗಳದಲ್ಲಿ ಕೂತರು, ಬೆಲ್ಲ ನೀರು ಮುಟ್ಟಲಿಲ್ಲ. ಬೆಲ್ಲ ನೀರು ಮುಟ್ಟದೆ ಎದ್ದವರನ್ನು ಬೇರೆ ಉತ್ತರ ಕೇಳುವ ಹಾಗಿಲ್ಲ. ಬಟ್ಟೆಯಂಗಡಿಯಲ್ಲಿ ದುಡಿಯುವ ಪ್ರತಿಮಾ ಆ ಲೋಟಗಳನ್ನು ಮೋರಿಗೆ ಬಗ್ಗಿಸಿ ತೊಳೆದಿಟ್ಟಳು.

ಮರುದಿನವೇ ದುಗ್ಗಮ್ಮ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ವಾರ್ಡ್ ಮೆಂಬರ್ ವಾಸಪ್ಪನ ಮನೆ ಮುಂದೆ ಕೂತಳು. "ಆ ಹೆಸರು ತೆಗೆಸು. ಇಲ್ಲ, ನಮ್ಮ ಹೆಣ್ಮಕ್ಕಳಿಗೆ ನೀನೇ ಗಂಡು ಹುಡ್ಕು." ಚುನಾವಣೆ ಹತ್ತಿರವಿತ್ತು, ವಾಸಪ್ಪ ಓಡಾಡಿ ತೆಗೆಸಿದ. 'ಶ್ರೀಲಕ್ಷ್ಮೀ ಬಡಾವಣೆ' ಎಂಬ ಹಸಿರು ಹಲಗೆ ನಿಂತ ದಿನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದವಳೂ ದುಗ್ಗಮ್ಮನೇ.

ಈಗ ಅವನಿಗೇ ಫೋನು ಹಚ್ಚಿದಳು. "ವಾಸಪ್ಪಣ್ಣ, ಹಳೇ ಹೆಸರೇ ಹಾಕ್ಸಿಕೊಡು."

"ತೆಗಿ ಅಂದಾಗ ತೆಗೀಬೇಕು, ಹಾಕು ಅಂದಾಗ ಹಾಕ್ಬೇಕು. ಅದೇನು ಗೋಡೆ ಕ್ಯಾಲೆಂಡರಾ ಮಾರಾಯ್ತಿ? ಬೆಂಗ್ಳೂರಲ್ಲಿ ಒಂದ್ಸಲ ಪಟ್ಟಿಯಿಂದ ಕೈಬಿಟ್ರೆ ಮುಗೀತು." ಆಮೇಲೆ ಕೇಳಿದ: "ನಿಂದೂ ಹೋಗ್ತದಾ?"

ಅವಳು ಫೋನಿಟ್ಟಳು. ಒದ್ದೆ ಬಟ್ಟೆ ತಂದು ಗೆರೆಯ ಮೂಲೆ ಉಜ್ಜಿ ನೋಡಿದಳು. ಬಣ್ಣ ಹೋಗಲಿಲ್ಲ, ಇನ್ನಷ್ಟು ಹರಡಿತು. ಆಮೇಲೆ ಅಂಗಳದ ಕುರ್ಚಿಗಳನ್ನೆಲ್ಲ ಬೀದಿಗೆ ಬೆನ್ನು ಮಾಡಿ ತಿರುಗಿಸಿಟ್ಟಳು.

"ಅಮ್ಮ, ಮುಂದಕ್ಕೆ ಹಾಕೋಣ್ವಾ?" ಬಾಗಿಲಲ್ಲಿ ನಿಂತು ಪ್ರತಿಮಾ ಕೇಳಿದಳು.

"ಯಾವ ಮನೆಗೆ ಕರೀಲಿ ಆಮೇಲೆ?"

ಓಮ್ನಿ ಬಂದು ನಿಂತಿತು. ಹುಡುಗನ ಅಪ್ಪ ಸುಬ್ಬಪ್ಪ ಶಲ್ಯ ಕೊಡವಿಕೊಂಡು ಇಳಿದರು. "ಹಲಗೆ ನೋಡ್ಕೊಂಡು ಸೀದಾ ಬಂದ್ವಿ ನೋಡಿ. ಯಾರನ್ನೂ ಕೇಳೋದೇ ಬೇಡ. ಹೊಸ ಬಡಾವಣೆ ಅಲ್ವಾ? ಇನ್ನು ರಸ್ತೆಗಿಸ್ತೆ ಎಲ್ಲ ಆಗ್ತದೆ ಬಿಡಿ."

"ಆಗ್ತದೆ," ಎಂದಳು ದುಗ್ಗಮ್ಮ.

ಪ್ರತಿಮಾ ಬೆಲ್ಲ ನೀರು ತಂದಿಟ್ಟಳು. ಸುಬ್ಬಪ್ಪ ಬೆಲ್ಲ ಕಚ್ಚಿ, ಲೋಟ ಎತ್ತಿ ಕುಡಿದರು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು. ಅವರ ಹೆಂಡತಿ ಹುಡುಗಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗ ಚಪ್ಪಲಿಯ ತುದಿ ನೋಡಿಕೊಂಡು ನಗುತ್ತಿದ್ದ.

"ನೀವೂ ಕೂತ್ಕೊಳಿ ಅಕ್ಕ," ಎಂದರು ಹುಡುಗನ ತಾಯಿ. "ಎಷ್ಟು ಹೊತ್ತು ನಿಲ್ತೀರಿ?"

"ನಂಗೆ ಇಲ್ಲೇ ಅಭ್ಯಾಸ."

ದುಗ್ಗಮ್ಮ ಗೋಡೆಗೆ ಒರಗಿದ್ದವಳು ಕದಲಲಿಲ್ಲ. ಹಸಿ ಬಣ್ಣದ ತಂಪು ಸೆರಗು ದಾಟಿ ರವಿಕೆಗೆ ಇಳಿಯುತ್ತಿತ್ತು. ಸುಬ್ಬಪ್ಪನ ತಲೆಯಾಚೆ, ಬೀದಿಯ ಎದುರು ಸಾಲಿನಲ್ಲಿ ಬಣ್ಣದವನು ಬ್ರಷ್ಷು ಅದ್ದಿ ಮುಂದಿನ ಮನೆಗೆ ಹೋಗುತ್ತಿದ್ದುದು ಅವಳೊಬ್ಬಳಿಗೆ ಕಾಣುತ್ತಿತ್ತು.