ಮಲಗು, ನೋಡ್ತೀನಿ

ಚರ್ಚಿನ ಗೇಟು ತೆರೆಯಲಿಲ್ಲ. ಶವಪೆಟ್ಟಿಗೆ ಹೊತ್ತ ಪಿಕಪ್ಪಿನ ಡ್ರೈವರು ಒಂದೆರಡು ಸಲ ಹಾರ್ನ್ ಹೊಡೆದು, ಇನ್ನೊಮ್ಮೆ ಹೊಡೆಯಲೋ ಬೇಡವೋ ಎಂದು ಹಿಂದೆ ತಿರುಗಿ ನೋಡಿದ. ಪೆಟ್ಟಿಗೆಯ ಪಕ್ಕ ಕೂತಿದ್ದ ಅಯಾಬೆಯ್ ಕೆಳಗಿಳಿದು ಹೋಗಿ ಗೇಟಿನ ಸರಳು ಹಿಡಿದು ಅಲುಗಿಸಿದ.

"ಪಾಸ್ಟರೇ, ತೆಗೀರಿ. ನಮ್ಮಣ್ಣನ್ನ ಬೀದೀಲಿ ನಿಲ್ಲಿಸ್ತೀರಾ?"

ಪಾಸ್ಟರ್ ಹೋಶೇಯ ಗೇಟಿನ ಒಳಗಡೆ ಬೈಬಲನ್ನು ಎದೆಗವುಚಿಕೊಂಡು ನಿಂತಿದ್ದರು. ಕೆಟ್ಟ ಮನುಷ್ಯರೇನಲ್ಲ. ಪೆಟ್ಟಿಗೆಯಲ್ಲಿದ್ದ ಕಿಮೊಸೊಪ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಹಿರಿಯರ ತೀರ್ಮಾನ ಆಗಿದೆ ಅಯಾಬೆಯ್. ತನ್ನ ಪ್ರಾಣ ತಾನೇ ತಕ್ಕೊಂಡವರ ಪೆಟ್ಟಿಗೆ ಒಳಗೆ ಬರೋ ಹಾಗಿಲ್ಲ. ಮನೆ ಹತ್ರ ನಾನೇ ಬರ್ತೀನಿ. ಒಂದು ಚಿಕ್ಕ ಪ್ರಾರ್ಥನೆ ಮಾಡಿ ಮಣ್ಣು ಮಾಡೋಣ. ಹಾಡು ಬೇಡ, ಮೈಕು ಬೇಡ, ಭಾಷಣ ಬೇಡ."

"ಅವನು ಬಿದ್ದಿದ್ದು! ಧುಮುಕಿದ್ದಲ್ಲ!"

"ಕೊಕ್ಕೆ ಹಾಕ್ಕೊಂಡಿದ್ರೆ ಬಿದ್ದ ಅನ್ನಬಹುದಿತ್ತು. ತನ್ನನ್ನ ಆ ರೆಕ್ಕೆಗೆ ಕಟ್ಟಿಕೊಳ್ಳದೇನೇ ಅಂಚಿಂದ ಓಡಿದಾನೆ. ಊರಿಗೆ ಬಂದೋರಿಗೆಲ್ಲ ಕೊಕ್ಕೆ ನೋಡಿ ನೋಡಿ ಕಳಿಸ್ದೋನು ತನ್ನದು ಮರೀತಾನಾ? ನೀನೇ ಹೇಳಪ್ಪ."

ಅಯಾಬೆಯ್ ಸರಳು ಬಿಟ್ಟ. ಮೂರು ದಿನದಿಂದ ಅವನೂ ಅದನ್ನೇ ಕೇಳಿಕೊಳ್ಳುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತಿದ್ದ ಕೊಬಿಲೊ, ಸತ್ತವನ ಒಬ್ಬಳೇ ಮಗಳು, ತಲೆಯೆತ್ತದೆ ಡ್ರೈವರಿಗೆ ಹೇಳಿದಳು:

"ಮನೆ ಕಡೆ ತಿರುಗಿಸಣ್ಣ."

ನಡೆದದ್ದು ಇಷ್ಟು. ಕಣಿವೆಯ ಅಂಚಿನಿಂದ ಕಿಮೊಸೊಪ್ ಹಾರಾಟದ ಬಟ್ಟೆಯ ರೆಕ್ಕೆ ಎತ್ತಿಕೊಂಡು ಓಡಿದ್ದ. ರೆಕ್ಕೆ ಗಾಳಿಗೆ ಏರಿತು. ಅದರ ಸರಳಿಗೆ ಜೋತುಬಿದ್ದಿದ್ದ ಅವನ ಕೈ ಸೋತು, ಬಂಡೆಗಳ ಮೇಲೆ ಬಿದ್ದ. ರೆಕ್ಕೆ ಮಾತ್ರ ಯಾರ ಹಂಗೂ ಇಲ್ಲದ ಹಾಗೆ ತೇಲಿ ಹೋಗಿ, ಕೆಳಗೆ ಯಾರದೋ ಆಡಿನ ಬಯಲಲ್ಲಿ ಒಂದು ಗೀರೂ ಆಗದೆ ಇಳಿದಿತ್ತು.

*

ಕಿಮೊಸೊಪ್ ಪಿಕಪ್ಪು ಓಡಿಸುತ್ತಿದ್ದವನು. ಡಿಸೆಂಬರ್ ಬಂತೆಂದರೆ ನಮ್ಮ ಕೆರಿಯೊ ಕಣಿವೆಯ ಅಂಚಿಗೆ ದೂರದೂರದ ಹಾರಾಟದವರು ಬರುತ್ತಾರೆ. ಬಟ್ಟೆಯ ದೊಡ್ಡ ರೆಕ್ಕೆಯ ಕೆಳಗೆ ಜೋಲಿಯಲ್ಲಿ ಹೊಟ್ಟೆ ಅಡಿಯಾಗಿ ತೂಗುತ್ತ ಹದ್ದುಗಳ ಜೊತೆ ಸುತ್ತಿ ಸುತ್ತಿ, ಕೊನೆಗೆ ಕೆಳಗೆಲ್ಲೋ ಮುಳ್ಳುಪೊದೆಗಳ ನಡುವೆ ಇಳಿದು, ಬಂದು ಕರಕೊಂಡು ಹೋಗು ಎನ್ನುತ್ತಾರೆ. ಕರೆತರುವವನು ಕಿಮೊಸೊಪ್. ಮೇಲೆ ಅವರ ಕೊಕ್ಕೆ ನೋಡಿ ಕಳಿಸುವುದು, ಆಮೇಲೆ ತಿರುವು ರಸ್ತೆಯಲ್ಲಿ ಧೂಳು ಕುಡಿಯುತ್ತ ಇಳಿದು ಅವರನ್ನು ಹುಡುಕುವುದು. ಅರ್ಧ ಆಯುಷ್ಯ ಇದರಲ್ಲೇ ಕಳೆಯಿತು.

ಅರವತ್ತು ಹತ್ತಿರ ಬಂದಾಗ ಒಬ್ಬ ಮುದುಕ ಹಾರಾಟಗಾರ ತನ್ನ ಹಳೇ ರೆಕ್ಕೆಯನ್ನು ಅವನಿಗೇ ಬಿಟ್ಟು ಹೋದ. ಅವತ್ತು ಸಂಜೆ ಉಗಾಲಿ ಮುದ್ದೆ ಮುರಿಯುತ್ತ ಕಿಮೊಸೊಪ್ ಹೆಂಡತಿಗೆ ಹೇಳಿದ:

"ನಾನೂ ಹಾರ್ತೀನಿ."

"ಹಾರು," ಅಂದಳು ತಾಬಾರ್ನೊ. "ಮೊದಲು ಆ ಮೊಣಕಾಲು ಬಗ್ಗುತ್ತಾ ನೋಡ್ಕೊ."

"ತಮಾಷೆ ಅಲ್ಲ ಕಣೆ. ಇಷ್ಟು ಜನಾನ ಹೊತ್ತು ತಂದೆ, ಮೇಲಿಂದ ನಮ್ಮನೆ ಹೇಗೆ ಕಾಣುತ್ತೆ ಅಂತ ಒಬ್ಬನೂ ಸರಿಯಾಗಿ ಹೇಳಲಿಲ್ಲ."

"ಹೇಗೆ ಕಾಣುತ್ತೆ? ಸೋರೋ ಮನೆ ಮೇಲಿಂದ ನೋಡಿದ್ರೂ ಸೋರೋ ಮನೇನೇ."

ಒಂದಿಡೀ ಬೇಸಿಗೆ ಅವನು ಆಲೂಗಡ್ಡೆ ಹೊಲದ ಇಳಿಜಾರಿನಲ್ಲಿ ಓಡಿ ಓಡಿ ಬಿದ್ದ. ಮದುವೆಗೆ ಬಂದ ಹಾಗೆ ಜನ ಬಂದು ನೋಡಿದರು. ಓಟಗಾರರ ಊರು ನಮ್ಮದು, ಬೆಳಿಗ್ಗೆ ಓಡುವ ಹುಡುಗಿಯರು ಅವನನ್ನು ದಾಟಿ ಹೋಗುವಾಗ "ಅಜ್ಜಾ, ನೆಲ ಮುಗಿಯೋ ಮುಂಚೆ ನಿಲ್ಲಿ!" ಎಂದು ಕೂಗುತ್ತಿದ್ದರು. ತಾಬಾರ್ನೊ ಬದುವಿನ ಮೇಲೆ ಅವರೆ ಸುಲಿಯುತ್ತ ಕೂತಿರುತ್ತಿದ್ದಳು. ಅವನು ಬಿದ್ದಾಗಲೆಲ್ಲ ಸುಲಿಯುವುದು ನಿಲ್ಲಿಸಿ ನೋಡುವುದು, ಎದ್ದ ಮೇಲೆ ಮತ್ತೆ ಸುಲಿಯುವುದು.

ಅಂಚಿನಿಂದ ಹಾರುವ ಮುಂಚೆ ಒಂದು ಕ್ರಮ ಇದೆ. ಒಬ್ಬರು ಎದುರು ನಿಂತು ರೆಕ್ಕೆಯ ಮೂತಿಯ ತಂತಿ ಹಿಡಿಯಬೇಕು. ಹಾರುವವನು ಮೈಗೆ ತೊಟ್ಟ ಜೋಲಿಯಲ್ಲಿ ಮಲಗಬೇಕು. ಜೋಲಿಯ ಕೊಕ್ಕೆ ರೆಕ್ಕೆಗೆ ಬಿದ್ದಿದ್ದರೆ ನೇತಾಡುತ್ತಾನೆ, ಇಲ್ಲದಿದ್ದರೆ ಅಲ್ಲೇ ಹುಲ್ಲಿನ ಮೇಲೆ ದೊಪ್ಪನೆ ಬೀಳುತ್ತಾನೆ. ಅದಾದ ಮೇಲೇ ಓಡುವುದು. ಮೂತಿ ಹಿಡಿಯುವ ಕೆಲಸವನ್ನು ತಾಬಾರ್ನೊ ಬೇರೆ ಯಾರಿಗೂ ಬಿಡಲಿಲ್ಲ.

"ಮಲಗು, ನೋಡ್ತೀನಿ," ಅನ್ನುವಳು.

ಅವನು ಮಲಗುವನು. ಅವಳು ಬಗ್ಗಿ, ಸಂತೆಯಲ್ಲಿ ಆಡು ನೋಡುವ ಹಾಗೆ ಮುಂದಿನಿಂದ ಹಿಂದಿನವರೆಗೆ ನೋಡುವಳು. ಹಾಗೆ ಹಿಡಿದುಕೊಂಡೇ ಬೈಗುಳ ಶುರು ಮಾಡುವಳು: ತರದೆ ಬಿಟ್ಟ ಉಪ್ಪು, ಸೋರುವ ಸೂರು, ಅವನ ತಮ್ಮ, ಅವನ ಸಾಕ್ಸು. ಮನೆಯಲ್ಲಾದರೆ ಎದ್ದು ಹೋಗುತ್ತಿದ್ದ. ಇಲ್ಲಿ ನೇತಾಡುತ್ತ ಎಲ್ಲಿಗೆ ಹೋದಾನು?

"ಮುಗೀತಾ?"

"ಇನ್ನೂ ಇದೆ. ಇಳಿದು ಬಾ," ಎಂದು ತಂತಿ ಬಿಟ್ಟು ಪಕ್ಕಕ್ಕೆ ಸರಿಯುವಳು.

*

ಅಂಗಳದಲ್ಲಿ ಶಾಮಿಯಾನ ಹಾಕಿಸಿ ಮೈಕಿನವನನ್ನು ಕರೆಸಿದ್ದ ಅಯಾಬೆಯ್. ಹಿರಿಯರ ತೀರ್ಮಾನ ಅದಾದ ಮೇಲೆ ಬಂದದ್ದು. ಕಟ್ಟಿದ ಮೈಕನ್ನು ಹಾಕಲೂ ಆಗದೆ, ಬಿಚ್ಚಿಕೊಂಡು ಹೋಗಲೂ ಆಗದೆ ಮೈಕಿನವನು ಸಿಪ್ರೆಸ್ ಮರದಡಿ ಕೈಕಟ್ಟಿ ಕೂತಿದ್ದ. ಮನೆಯ ಹಿಂದೆ, ತಾಬಾರ್ನೊಳ ಗೋರಿಯ ಪಕ್ಕದಲ್ಲಿ, ಕೆಂಪು ಮಣ್ಣಿನ ಗುಂಡಿ ತಯಾರಾಗಿತ್ತು. ಜನ ಬಂದಿದ್ದರು, ಬರುವುದೇನೋ ಎಲ್ಲರೂ ಬಂದಿದ್ದರು. ಆದರೆ ಕೊಬಿಲೊಳ ಆಚೆ ಈಚೆಯ ಕುರ್ಚಿಗಳು ಖಾಲಿಯೇ ಉಳಿದಿದ್ದವು. ಇಂಥ ಸಾವಿನ ಪಕ್ಕ ಕೂರಲು ಜನ ಹೆದರುತ್ತಾರೆ.

ಪಕ್ಕದ ಮನೆಯ ಕಾಬೊನ್ ಅಜ್ಜಿಯದು ದೊಡ್ಡ ಗಂಟಲು.

"ಹೆಂಡತಿ ಹೋದ ಮೇಲೆ ಮನೇಲಿ ಯಾರಿದ್ರು ಮಾತಾಡೋಕೆ? ಮಗಳು ನಕೂರು ಪೇಟೇಲಿ ಬಟ್ಟೆ ಹೊಲೀತಾಳೆ, ಒಂದು ಫೋನು ಮಾಡೋಕೂ ಕೈ ಬಿಡುವಿರಲಿಲ್ಲವಂತೆ. ಧುಮುಕದೆ ಇನ್ನೇನ್ ಮಾಡ್ತಾನೆ?"

"ಮೆಲ್ಲಗೆ ಅಜ್ಜಿ, ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಚೆಲಾಂಗ ದೊಡ್ಡ ಕೆಟಲು ಹಿಡಿದು ಎಲ್ಲರಿಗೂ ಚಹಾ ಕೊಡುತ್ತಿದ್ದ. ಹಾರುವ ಜಾಗದಲ್ಲಿ ಚಹಾ ಅಂಗಡಿ ಇಟ್ಟವನು ಅವನೇ. ಆಳ ಕಂಡರೆ ತಲೆ ಸುತ್ತುತ್ತದೆಂದು ಅಂಗಡಿಯ ಬೆನ್ನನ್ನು ಕಣಿವೆಗೆ ಮಾಡಿ ಕಟ್ಟಿಕೊಂಡ ಮಹಾಶಯ. ಅಂಚಿನ ಹತ್ತಿರ ಒಂದು ದಿನವೂ ಹೋದವನಲ್ಲ. ಕಿಮೊಸೊಪ್ ಬೀಳುವುದನ್ನು ದೂರದಿಂದ ಕಂಡವನೂ ಅವನೊಬ್ಬನೇ.

ಪಾಸ್ಟರ್ ಲೋಟ ತೆಗೆದುಕೊಳ್ಳುತ್ತ ಕೇಳಿದರು: "ಚೆಲಾಂಗ, ಇನ್ನೊಂದೇ ಸಲ ಕೇಳ್ತೀನಿ. ಹೇಗಾಯ್ತು?"

"ಕೊಕ್ಕೆ ಹಾಕೋದು ಮರೆತ ಪಾಸ್ಟರೇ."

"ಅದೇ, ಹೇಗೆ ಮರೆತ?"

"ಮರೆವಿಗೆ ಹೇಗೆ ಅಂತ ಇರುತ್ತಾ?" ಎಂದ ಚೆಲಾಂಗ. ಎಂದವನು ಕೊಬಿಲೊಳ ಕಡೆ ಒಮ್ಮೆ ನೋಡಿ, ಕೆಟಲು ತುಂಬಿರುವಾಗಲೇ ಹಿತ್ತಲಿಗೆ ನಡೆದ. ಆ ನೋಟ ಕೊಬಿಲೊಗೆ ಚುಚ್ಚಿತು.

*

ತಾಬಾರ್ನೊ ಸತ್ತ ಮೇಲೆ ಕಿಮೊಸೊಪ್ ಒಂದು ಕಲ್ಲು ಹುಡುಕಿಕೊಂಡಿದ್ದ, ಸೊಂಟದೆತ್ತರದ್ದು. ಅದರ ಮೇಲೆ ರೆಕ್ಕೆಯ ಮೂತಿ ಊರಿಸಿ, ತಾನೇ ಜೋಲಿಯಲ್ಲಿ ಮಲಗಿ, ನೇತಾಡಿ ನೋಡಿ ಎದ್ದೇಳುತ್ತಿದ್ದ. ಡಿಸೆಂಬರಿನಲ್ಲಿ ಬಂದವರು ಯಾರಾದರೂ ಹಿಡಿಯುತ್ತಿದ್ದರು. ಉಳಿದ ತಿಂಗಳು ಕಲ್ಲೇ. ಕಲ್ಲು ಬೈಯುತ್ತಿರಲಿಲ್ಲ. ಅದಕ್ಕೋ ಏನೋ, ಮಲಗಿದವನು ಬೇಗ ಏಳುತ್ತಿರಲಿಲ್ಲ ಎಂದು ಚೆಲಾಂಗ ಹೇಳುತ್ತಾನೆ. ಹುಲ್ಲು ನೋಡುತ್ತ ಸುಮ್ಮನೆ ತೂಗುತ್ತಿರುತ್ತಿದ್ದನಂತೆ.

ಕೊಬಿಲೊ ಈಸ್ಟರಿಗೆ ಬಂದಾಗ ಆ ಕಲ್ಲನ್ನು ಕಂಡಳು. "ಆ ರೆಕ್ಕೆ ಮಾರಿ ನಕೂರಿಗೆ ಬಾ. ಇಲ್ಲಾಂದ್ರೆ ನನಗೆ ಫೋನು ಮಾಡ್ಬೇಡ," ಎಂದಳು. ಅವನು ಮಾರಲಿಲ್ಲ. ಫೋನೂ ಮಾಡಲಿಲ್ಲ, ಮಗಳು ಬೇಡ ಅಂದಮೇಲೆ ಬೇಡ. ಆದರೆ ಫೋನನ್ನು ಮಾತ್ರ ಚಾರ್ಜು ಇಳಿಯಲು ಬಿಡುತ್ತಿರಲಿಲ್ಲ.

*

ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಚೆಲಾಂಗ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದ.

"ಚೆಲಾಂಗ ಮಾಮ."

"ಏನಮ್ಮ, ಚಹಾ ಬೇಕಿತ್ತಾ? ಕೂತಲ್ಲಿಗೇ ತರ್ತಿದ್ನಲ್ಲ."

"ಅವತ್ತು ಬೆಳಿಗ್ಗೆ ಅಪ್ಪಂಗೆ ನಾನು ಫೋನ್ ಮಾಡಿದ್ದೆ."

ಅವನ ಕೈಯ ಲೋಟ ನೀರಿಗೆ ಜಾರಿತು.

"ಬಾಯಿಗೆ ಬಂದ ಹಾಗೆ ಬೈದೆ ಮಾಮ. ಈ ವಯಸ್ಸಲ್ಲಿ ಆ ಚಿಂದಿ ಬಟ್ಟೆ ಕಟ್ಕೊಂಡು ಸಾಯ್ತೀಯ, ಸತ್ತರೆ ಮಣ್ಣು ಹಾಕೋಕೂ ನಾನು ಬರಲ್ಲ ಅಂದೆ. ಇಟ್ಟುಬಿಟ್ಟೆ. ಆಮೇಲೆ ಅಲ್ವಾ ಅವನು ಓಡಿದ್ದು? ಪಾಸ್ಟರ್ ಹೇಳೋದು ನಿಜ. ನಾನು ಅಂದಿದ್ದಕ್ಕೇ."

"ಇದನ್ನ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ."

"ಹಾಗಾದ್ರೆ ನಿಜ."

"ಅಲ್ಲ ಕಣಮ್ಮ, ಅಲ್ಲ!" ಚೆಲಾಂಗ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತ. ಮುಚ್ಚಿಡುವುದು ಹೇಗೆ ಎಂದು ಅವನು ಯೋಚಿಸಿಟ್ಟುಕೊಂಡಿದ್ದ. ಮುಚ್ಚಿಟ್ಟರೂ ಈ ಹುಡುಗಿ ಬೇಯುತ್ತಾಳೆ ಅನ್ನುವುದು ಅವನ ಯೋಚನೆಗೆ ಬಂದಿರಲಿಲ್ಲ.

"ನಿಮ್ಮಪ್ಪ ಕೊಕ್ಕೆ ಹಾಕ್ಕೊಂಡಿದ್ದ. ಕಲ್ಲಿಗೆ ಮೂತಿ ಕೊಟ್ಟು ಮಲಗಿ ನೋಡಿದ್ದೂ ಆಗಿತ್ತು. ನೇತಾಡಿದ್ದನ್ನ ಕಣ್ಣಾರೆ ನೋಡಿದೀನಿ. ಆಗ ನನ್ನ ಅಂಗಡೀಲಿ ನೇತು ಹಾಕಿದ್ದ ಅವನ ಕೋಟಲ್ಲಿ ಫೋನು ಹೊಡಕೊಳ್ತು. ತೆಗೆದು ನೋಡಿದ್ರೆ ನಿನ್ನ ಹೆಸರು. ನಾನೇ ಕೂಗಿದ್ದು, 'ಲೋ, ನಿನ್ನ ಮಗಳೋ!' ಅಂತ. ಕೊಕ್ಕೆ ಬಿಚ್ಕೊಂಡು ಓಡಿ ಬಂದ ನೋಡು, ಬೆನ್ನಿಗೆ ಜೋಲಿ ಬಡಕೊಳ್ತಾ, ಹಗ್ಗ ಬಿಚ್ಚಿದ ಕರು ಹಾಗೆ."

"ಬೈದೆನಲ್ಲ ಮಾಮ."

"ಬೈದೆ. ಪಕ್ಕದಲ್ಲಿದ್ದ ನನಗೂ ಕೇಳಿಸ್ತು. ನೀನು ಇಟ್ಟ ಮೇಲೂ ಅವನು ಫೋನನ್ನ ಕಿವಿಗೆ ಒತ್ಕೊಂಡೇ ನಿಂತಿದ್ದ. ಅಳ್ತಾನೇನೋ ಅಂತ ಮುಖ ನೋಡ್ದೆ. ನಗ್ತಿದ್ದ! 'ಅವರಮ್ಮನೇ ಕಣೋ ಚೆಲಾಂಗ,' ಅಂದ. 'ಒಂದು ಮಾತೂ ಬಿಟ್ಟಿಲ್ಲ. ತಾಬಾರ್ನೊನೇ ಬಂದು ಬೈದ ಹಾಗಾಯ್ತು. ಇಳಿದ ಮೇಲೆ ನಾನೇ ಮಾಡ್ತೀನಿ, ಇನ್ನೊಂದ್ಸಲ ಬೈಸ್ಕೋಬೇಕು.' ಹಾಗಂದು ಕುಣೀತಾ ಹೋದ. ಗಾಳಿ ಒಳ್ಳೇ ಹದದಲ್ಲಿತ್ತು. ರೆಕ್ಕೆ ಎತ್ತಿದ, ಓಡಿದ. ಮಲಗಿ ನೋಡಿದ್ದು ಆಗಿದೆ ಅಂತಲೇ ಅವನ ತಲೇಲಿ. ಇನ್ನೊಂದ್ಸಲ ಮಲಗು ಅನ್ನೋರು ಅಲ್ಲಿ ಯಾರಿದ್ರಮ್ಮ?"

ಕೊಬಿಲೊ ತೊಟ್ಟಿಯ ಅಂಚು ಹಿಡಿದು ನಿಂತಳು.

"ಅಂದ್ರೆ ನಾನು ಬೈದಿದ್ದಕ್ಕಲ್ಲ."

"ಅಲ್ಲ."

"ಫೋನ್ ಮಾಡಿದ್ದಕ್ಕೆ."

ಚೆಲಾಂಗ ಒದ್ದೆ ಕೈ ಒರೆಸಿಕೊಳ್ಳುತ್ತ, "ಇದಕ್ಕೇ ನಾನು ಬಾಯಿ ಬಿಡಲಿಲ್ಲ," ಎಂದ. "ಗೇಟು ಮುಚ್ಚಿದ್ರೆ ಸತ್ತೋನಿಗೇನೂ ನೋಯಲ್ಲ. ಬಾಳಬೇಕಾದೋಳು ನೀನು. ಊರೋರು ನಾಕು ದಿನ ಆಡ್ಕೋತಾರೆ, ಮರೀತಾರೆ. ನಮ್ಮಿಬ್ಬರಲ್ಲೇ ಇರ್ಲಿ. ಸುಮ್ಮನಿದ್ದುಬಿಡು ಮಗಳೇ."

ಆ ಕಡೆಯಿಂದ ಅಯಾಬೆಯ್‌ನ ದನಿ ಕೇಳಿಸಿತು: "ಬನ್ರಪ್ಪಾ, ಪೆಟ್ಟಿಗೆ ಇಳಿಸ್ತೀವಿ."

*

ಹಗ್ಗದ ಮೇಲೆ ಪೆಟ್ಟಿಗೆ ಇಟ್ಟಾಗಿತ್ತು. ಪಾಸ್ಟರ್ ಬೈಬಲ್ ತೆರೆಯದೆಯೇ ಕಣ್ಣು ಮುಚ್ಚಿ ಎರಡು ಮಾತು ಶುರು ಮಾಡಿದ್ದರು. ಕೊಬಿಲೊ ಗುಂಡಿಯ ಹತ್ತಿರ ಹೋಗಲಿಲ್ಲ. ನೇರ ಸಿಪ್ರೆಸ್ ಮರದಡಿಗೆ ನಡೆದಳು.

"ಇದು ಕೆಲಸ ಮಾಡುತ್ತಾ?"

"ಮಾಡುತ್ತಕ್ಕ. ಆದ್ರೆ ಹಾಕ್ಬೇಡ ಅಂದಿದಾರೆ," ಎಂದ ಮೈಕಿನವನು.

"ಹಾಕು."

"ಕೊಬಿಲೊ! ಬೇಡಮ್ಮ," ಎಂದು ಚಿಕ್ಕಪ್ಪ ಅಯಾಬೆಯ್ ಹಗ್ಗ ಹಿಡಿದಲ್ಲಿಂದಲೇ ಕೂಗಿದ.

"ನಮ್ಮಪ್ಪ ಧುಮುಕಿದ್ದಲ್ಲ." ಮೈಕಿನಲ್ಲಿ ಅವಳ ದನಿ ಅವಳಿಗೇ ಗಾಬರಿಯಾಗುವಷ್ಟು ದೊಡ್ಡದಾಗಿ ಹೊರಬಿತ್ತು. "ಕೊಕ್ಕೆ ಹಾಕ್ಕೊಂಡಿದ್ದ. ಮಲಗಿ ನೋಡಿದ್ದ. ಅಷ್ಟರಲ್ಲಿ ಫೋನು ಬಂತು. ಬಿಚ್ಕೊಂಡು ಬಂದು ಮಾತಾಡಿದ. ಖುಷಿಯಾಗಿತ್ತು ಅವನಿಗೆ. ಆ ಖುಷೀಲಿ ವಾಪಸ್ ಹೋಗಿ, ಮತ್ತೆ ಹಾಕ್ಕೊಳ್ಳೋದು ಮರೆತ."

ಪಾಸ್ಟರ್ ಕಣ್ಣು ತೆರೆದಿದ್ದರು. "ಯಾರ ಫೋನು ಮಗಳೇ?"

ಎಲ್ಲರ ಹಿಂದೆ ನಿಂತಿದ್ದ ಚೆಲಾಂಗ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

"ನಂದು."

ಪಾಸ್ಟರ್ ಹೋಶೇಯ ತಿರುಗಿ ಚೆಲಾಂಗನನ್ನು ನೋಡಿದರು. ಅವನು ತಲೆ ತಗ್ಗಿಸಿ, ಹೌದು ಎಂದ. ಪಾಸ್ಟರ್ ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಒಂದೇ ಬೆಂಚಿನ ಗೆಳೆಯನಿಗೆ ಏನೋ ಹೇಳಿಕೊಂಡರು. ಆಮೇಲೆ ನೆಟ್ಟಗೆ ನಿಂತರು.

"ಎತ್ರಪ್ಪಾ. ಚರ್ಚಿಗೆ ಹೋಗೋಣ."

ಪೆಟ್ಟಿಗೆ ಹೆಗಲೇರಿತು. ಹಾಡು ಮೊದಲು ಎತ್ತಿದ್ದು ಕಾಬೊನ್ ಅಜ್ಜಿ. ಅವಳ ಗಂಟಲಿಗೆ ಮೈಕು ಬೇಕಿರಲಿಲ್ಲ. ಹೆಂಗಸರು ದನಿಗೂಡಿಸಿದರು. ಮೈಕಿನವನೂ ಎದ್ದು ಓಡಿ ಪೆಟ್ಟಿಗೆಗೆ ಹೆಗಲು ಕೊಟ್ಟ. ಕೊಬಿಲೊಳ ಮುಖ ನೋಡುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತ ನಡೆದರು. ಅಯಾಬೆಯ್ ಒಮ್ಮೆ ತಿರುಗಿದ, ಆದರೆ ಹೆಗಲ ಮೇಲೆ ಭಾರವಿತ್ತು. ಹಾಡು ರಸ್ತೆಯ ತಿರುವು ದಾಟಿ ಏರು ಹತ್ತಿತು.

ಖಾಲಿ ಗುಂಡಿಯ ಆಚೆ ಅವಳೊಬ್ಬಳೇ ನಿಂತಿದ್ದಳು. ಮೈಕು ಎರಡೂ ಕೈಯಲ್ಲಿತ್ತು, ಬಾಯಿಗೆ ಹತ್ತಿರದಲ್ಲೇ. ಆರಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಮರಕ್ಕೆ ಕಟ್ಟಿದ್ದ ಧ್ವನಿವರ್ಧಕದ ಬಾಯಿ ಕಣಿವೆಯ ಕಡೆಗಿತ್ತು.

ಕೆಳಗೆ ಬಿಸಿಲಲ್ಲಿ ಆಡು ಮೇಯಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಮೇಲೆ ಆಕಾಶ ಖಾಲಿಯಿತ್ತು. ಯಾರೋ ಉಸಿರಾಡುತ್ತಿರುವುದು ಮಾತ್ರ ಕೇಳಿಸುತ್ತಿತ್ತು.